ಗೂಢಲಿಪಿಯೂ ಕಡತದ ಅಚ್ಚುಕಟ್ಟೂ

ಬೀಗ ಭದ್ರವಾಗಿದ್ದ ಮಾತ್ರಕ್ಕೆ ಮನೆ ಭದ್ರವಾಗಲಾರದು. ಬೀಗವನ್ನು ಹಿಡಿದಿರುವ ಅಗುಳಿ, ಅಗುಳಿಯನ್ನು ಹಿಡಿದಿರುವ ಮೊಳೆ, ಮೊಳೆಯನ್ನು ಹಿಡಿದಿರುವ ಮರ, ಇವೆಲ್ಲ ಸರಿಯಾಗಿದ್ದರೆ ಮಾತ್ರ ಬೀಗಕ್ಕೆ ಬೆಲೆ. ಈ ಸಾಮಾನ್ಯ ಸಂಗತಿ ನಮ್ಮ ಕಾಲದ ಬಹು ಸೂಕ್ಷ್ಮವಾದ ಶಾಸ್ತ್ರವೊಂದಕ್ಕೂ ಅನ್ವಯಿಸುತ್ತದೆ. ಗಣಕಯಂತ್ರದಲ್ಲಿ ಗುಟ್ಟನ್ನು ಕಾಯತಕ್ಕ ಗೂಢಲಿಪಿ ಶಾಸ್ತ್ರವೇ ಅದು. ಅದರ ಗಣಿತವನ್ನು ಬಲ್ಲವರು ವಿವರಿಸಿದ್ದಾರೆ. ಅದು ನನ್ನಂಥ ಕಲಾ ವಿಭಾಗದ ವಿದ್ಯಾರ್ಥಿಯ ಅಳವಿಗೆ ಮೀರಿದ್ದು. ಆದರೆ ಆ ಗಣಿತವನ್ನು ಯಂತ್ರಕ್ಕೆ ಮುಟ್ಟಿಸುವ ಕಡತಗಳನ್ನು ಅಚ್ಚುಕಟ್ಟಾಗಿ ಇಡುವ ಕೆಲಸವೊಂದುಂಟು. ಆ ಕೆಲಸದ ಸ್ವರೂಪವೇನು, ಅದು ಕೆಟ್ಟರೆ ಆಗುವ ಹಾನಿ ಎಂಥದು ಎಂಬುದನ್ನು ಸಹಪಾಠಿಗಳ ಮುಂದೆಯೂ ಪೂಜ್ಯ ಅಧ್ಯಾಪಕರ ಮುಂದೆಯೂ ನನಗೆ ತಿಳಿದಮಟ್ಟಿಗೆ ವಿವೇಚಿಸುವುದು ಈ ಲೇಖನದ ಉದ್ದೇಶ.

ಕಲಾ ವಿಭಾಗದವರಿಗೆ ಇದೇತಕ್ಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಹೊಸ್ತಿಲು ದಾಟಿದವರಲ್ಲಿ ನಾನೇ ಮೊದಲು. ತಂದೆಯವರ ಪಹಣಿ, ತಾಯಿಯವರ ಬ್ಯಾಂಕಿನ ಲೆಕ್ಕ, ನನ್ನ ವಿದ್ಯಾರ್ಥಿವೇತನದ ಅರ್ಜಿ, ಈ ಮೂರೂ ಈಗ ಗಣಕಯಂತ್ರದ ಮೂಲಕವೇ ನಡೆಯತಕ್ಕವು. ಕರ್ನಾಟಕದ ‘ಭೂಮಿ’ ಯೋಜನೆ ೨೦೦೦ದ ಸುಮಾರಿಗೆ ಜಾರಿಗೆ ಬಂದ ಮೇಲೆ ಪಹಣಿಯು ಕೈಬರಹದ ಪುಸ್ತಕದಿಂದ ಗಣಕಯಂತ್ರಕ್ಕೆ ಬಂದುದು ನಮಗೆಲ್ಲ ಗೊತ್ತಿರುವ ವಿಷಯ. ಓದಲು ಬಾರದ ಹಿರಿಯರು ಈ ಯಂತ್ರವನ್ನು ನಂಬಿ ಹೆಬ್ಬೆಟ್ಟು ಒತ್ತುತ್ತಾರೆ. ಅವರ ನಂಬಿಕೆ ಕೊನೆಗೆ ಹೋಗಿ ನಿಲ್ಲುವುದು ಎಲ್ಲಿ ಎಂದು ತಿಳಿಯುವ ಹೊಣೆ ಓದಿದ ಮಕ್ಕಳದಲ್ಲವೆ?

ಮೊದಲು ಗೂಢಲಿಪಿ ಎಂದರೇನೆಂಬುದನ್ನು ನೋಡೋಣ. ಕನ್ನಡದ ವಿದ್ಯಾರ್ಥಿಗಳಿಗೆ ಇದು ತೀರ ಹೊಸದೇನೂ ಅಲ್ಲ. ಕುಮುದೇಂದು ಮುನಿಯ ಹೆಸರಿನಲ್ಲಿರುವ ‘ಸಿರಿಭೂವಲಯ’ವು ೧೯೫೩ರಲ್ಲಿ ಅಚ್ಚಾಗಿ ಬಂದಾಗ ನಾಡಿನ ವಿದ್ವಾಂಸರು ಬೆರಗಾದರು. ಅದರಲ್ಲಿ ಅಕ್ಷರಗಳಿಲ್ಲ, ಇರುವುದೆಲ್ಲ ೧ರಿಂದ ೬೪ರವರೆಗಿನ ಅಂಕಿಗಳು. ಅಡ್ಡಕ್ಕೆ ೨೭, ಉದ್ದಕ್ಕೆ ೨೭, ಒಟ್ಟು ೭೨೯ ಮನೆಗಳ ಚಕ್ರದಲ್ಲಿ ಅಂಕಿಗಳನ್ನು ತುಂಬಿದೆ. ಓದಬೇಕಾದರೆ ಎರಡು ಸಂಗತಿಗಳು ತಿಳಿದಿರಬೇಕು. ಯಾವ ಅಂಕಿಗೆ ಯಾವ ಅಕ್ಷರ ಎಂಬ ಪಟ್ಟಿ ಒಂದು. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬ ಬಂಧ ಇನ್ನೊಂದು. ಬರೆದವನ ಪಟ್ಟಿಯೂ ಓದುವವನ ಪಟ್ಟಿಯೂ ಒಂದೇ ಆಗಿದ್ದರೆ ಪದ್ಯ ಹೊರಡುತ್ತದೆ. ಒಂದು ಅಂಕಿ ಹಿಂದುಮುಂದಾದರೂ ಹೊರಡುವುದು ಬರಿಯ ಗೊಂದಲ. ಈ ಎರಡು ಮಾತುಗಳನ್ನು, ಪಟ್ಟಿ ಮತ್ತು ಬಂಧ ಎಂಬುದನ್ನು, ಓದುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದೆ ಬರುವ ಹೆಡರ್ ಕಡತವು ಪಟ್ಟಿಯ ಸ್ಥಾನದಲ್ಲಿದೆ. ಬಿಲ್ಡ್ ಕಾನ್ಫಿಗರೇಷನ್ ಎಂಬುದು ಬಂಧದ ಸ್ಥಾನದಲ್ಲಿದೆ.

ಇಂದು ಪ್ರತಿಯೊಬ್ಬ ಕ್ರಮವಿಧಿಕಾರನೂ ಗೂಢಲಿಪಿಯನ್ನು ತಾನೇ ಹೊಸದಾಗಿ ಬರೆಯುವುದಿಲ್ಲ, ಬರೆಯಲೂಬಾರದು. ಪರಿಣತರು ಬರೆದು, ಹಲವರು ಪರೀಕ್ಷಿಸಿದ ಕ್ರಮವಿಧಿಗಳ ಭಂಡಾರದಿಂದ ಎರವಲು ಪಡೆಯುತ್ತಾನೆ. ಇಂಥ ಭಂಡಾರಕ್ಕೆ ಲೈಬ್ರರಿ ಎಂದು ಹೆಸರು. ಇವುಗಳಲ್ಲಿ ಬಹು ಪ್ರಸಿದ್ಧವಾದುದು ಓಪನ್‌ಎಸ್‌ಎಸ್‌ಎಲ್. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಎಂಬವರು ರಚಿಸಿದ್ದ ಎಸ್‌ಎಸ್‌ಎಲೀ ಎಂಬುದರಿಂದ ಇದು ೧೯೯೮ರ ಡಿಸೆಂಬರಿನಲ್ಲಿ ಹುಟ್ಟಿತು. ಅಂತರಜಾಲದ ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಎಂದಿದ್ದರೆ ಅಲ್ಲಿ ಇದೋ ಇದರ ಬಂಧುವೋ ಕೆಲಸ ಮಾಡುತ್ತಿದೆಯೆಂದು ತಿಳಿಯತಕ್ಕದ್ದು. ಇದರ ಮೂಲಲಿಪಿ ಯಾರು ಬೇಕಾದರೂ ಓದಲು ತೆರೆದಿದೆ. ನಮ್ಮ ಕಾಲೇಜಿನ ಗಣಕಯಂತ್ರ ಕೊಠಡಿಯಲ್ಲಿ ಬಿಡುವಿನ ವೇಳೆಯಲ್ಲಿ ಅದನ್ನು ಇಳಿಸಿಕೊಂಡು, ಅರ್ಥವಾದಷ್ಟನ್ನು ಓದಿದ ಆಧಾರದ ಮೇಲೆಯೇ ನಾನು ಇದನ್ನು ಬರೆಯುತ್ತಿದ್ದೇನೆ.

ಈಗ ಹೆಡರ್ ಕಡತದ ವಿಚಾರ. ಹೆಡರ್ ಎಂದರೆ ತಲೆಬರಹ. ಲೈಬ್ರರಿಯೊಳಗೆ ಏನೇನು ಕೆಲಸಗಾರರಿದ್ದಾರೆ, ಪ್ರತಿಯೊಬ್ಬನಿಗೂ ಏನು ಕೊಡಬೇಕು, ಅವನು ಏನನ್ನು ಹಿಂದಿರುಗಿಸುತ್ತಾನೆ, ಮಾಹಿತಿಯನ್ನು ಯಾವ ಅಂಕಣದಲ್ಲಿ ಇಟ್ಟಿರುತ್ತದೆ ಎಂಬುದನ್ನಷ್ಟೆ ಹೆಡರ್ ಕಡತ ಸಾರುತ್ತದೆ. ಕೆಲಸ ಹೇಗೆ ನಡೆಯುತ್ತದೆಂಬುದನ್ನು ಹೇಳುವುದಿಲ್ಲ. ಇದಕ್ಕೆ ನಮ್ಮ ಪಹಣಿಗಿಂತ ಉತ್ತಮವಾದ ನಿದರ್ಶನ ನನಗೆ ತೋರದು. ಪಹಣಿಯ ೯ನೆಯ ಕಾಲಂನಲ್ಲಿ ಸ್ವಾಧೀನದಾರನ ಹೆಸರು. ೧೧ನೆಯದರಲ್ಲಿ ಹಕ್ಕು ಮತ್ತು ಋಣ. ೧೨ನೆಯದರಲ್ಲಿ ಸಾಗುವಳಿಯ ವಿವರ. ಬ್ಯಾಂಕಿನವರು ಸಾಲ ಕೊಡುವಾಗ ನೇರವಾಗಿ ೧೧ನೆಯ ಕಾಲಂ ನೋಡುತ್ತಾರೆ. ಈಗ ಒಂದು ಕಚೇರಿಯವರು ೯ರ ಮುಂದೆ ಹೊಸದೊಂದು ಕಾಲಂ ಸೇರಿಸಿ ಪಹಣಿ ಬರೆಯತೊಡಗಿದರೆಂದೂ, ಬ್ಯಾಂಕಿನವರ ಕೈಯಲ್ಲಿ ಹಳೆಯ ನಮೂನೆಯೇ ಉಳಿಯಿತೆಂದೂ ಭಾವಿಸಿಕೊಳ್ಳಿ. ಬ್ಯಾಂಕಿನವರು ೧೧ನೆಯದೆಂದು ನೋಡುವುದು ಹಿಂದಿನ ೧೦ನೆಯದನ್ನು. ಅಲ್ಲಿ ಋಣವಿಲ್ಲ, ಸಾಲ ಮಂಜೂರಾಯಿತು! ಬರೆದ ಗುಮಾಸ್ತ ಸುಳ್ಳು ಬರೆಯಲಿಲ್ಲ, ಓದಿದವನು ತಪ್ಪು ಓದಲಿಲ್ಲ. ಆದರೂ ಅನರ್ಥ ಸಂಭವಿಸಿತು.

ಲೈಬ್ರರಿಯಲ್ಲಿಯೂ ಆಗುವುದು ಹೀಗೆಯೇ. ಲೈಬ್ರರಿಯನ್ನು ಒಂದು ನಮೂನೆಯ ಹೆಡರಿನಿಂದಲೂ ಅದನ್ನು ಬಳಸುವ ಕ್ರಮವಿಧಿಯನ್ನು ಇನ್ನೊಂದು ನಮೂನೆಯಿಂದಲೂ ಕಟ್ಟಿದರೆ, ಯಂತ್ರ ಸಾಮಾನ್ಯವಾಗಿ ಯಾವ ದೂರನ್ನೂ ಹೇಳದು. ಮೌನವಾಗಿ ಬೇರೆ ಅಂಕಣವನ್ನು ಓದುತ್ತದೆ. ವುಲ್ಫ್‌ಎಸ್‌ಎಸ್‌ಎಲ್ ಎಂಬ ಇನ್ನೊಂದು ಗೂಢಲಿಪಿ ಲೈಬ್ರರಿಯವರು ಇದಕ್ಕಾಗಿಯೇ ಒಂದು ನಿಯಮವನ್ನು ವಿಧಿಸಿದ್ದಾರೆ. ಲೈಬ್ರರಿಯನ್ನು ಕಟ್ಟುವಾಗ ಆರಿಸಿದ ಆಯ್ಕೆಗಳೆಲ್ಲ ‘ಆಪ್ಷನ್ಸ್’ ಎಂಬ ಹೆಡರ್ ಕಡತದಲ್ಲಿ ದಾಖಲಾಗುತ್ತವೆ. ಬಳಸುವವನು ಅವರ ಉಳಿದ ಎಲ್ಲ ಹೆಡರುಗಳಿಗಿಂತ ಮುಂಚೆ ಅದನ್ನೇ ಸೇರಿಸಿಕೊಳ್ಳತಕ್ಕದ್ದು. ಮೊದಲು ನಮೂನೆ ನೋಡು, ಆಮೇಲೆ ಕಾಲಂ ಓದು ಎಂಬುದೇ ಇದರ ತಾತ್ಪರ್ಯ.

ಹೆಸರು ಬದಲಾದಾಗ ಆಗುವ ತೊಡಕನ್ನು ನಮ್ಮ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ತರಗತಿಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಕಡೆಯವರೂ ಇದ್ದೇವೆ. ೧೯೯೭ರ ಆಗಸ್ಟ್ ೧೫ರಂದು ದಾವಣಗೆರೆ ಜಿಲ್ಲೆ ಉದಯವಾಗುವವರೆಗೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗಕ್ಕೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಅನಂತರ ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿ ತಾನೇ ಒಂದು ತಾಲ್ಲೂಕಾಯಿತು. ನ್ಯಾಮತಿ ಕಡೆಯ ಒಂದು ಹೊಲ ಇದ್ದಲ್ಲಿಯೇ ಇದೆ. ಅಜ್ಜನ ಕಾಲದ ಕಾಗದದಲ್ಲಿ ಅದು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. ಮೊಮ್ಮಗನ ಕಾಗದದಲ್ಲಿ ದಾವಣಗೆರೆ ಜಿಲ್ಲೆ, ನ್ಯಾಮತಿ ತಾಲ್ಲೂಕು. ತಲೆಬರಹ ಬದಲಾದ ದಿನ ಎಲ್ಲ ಕಚೇರಿಗಳ ಎಲ್ಲ ನಮೂನೆಗಳೂ ಬದಲಾಗಬೇಕು. ಒಂದು ಕಚೇರಿ ಹಿಂದುಳಿದರೂ ಅರ್ಜಿದಾರನು ಎರಡು ಊರುಗಳ ನಡುವೆ ಅಲೆಯಬೇಕು. ಎಂಬೆಡ್ ಟಿಎಲ್‌ಎಸ್ ಎಂಬ ಲೈಬ್ರರಿಯು ೨೦೨೧ರ ತನ್ನ ೩.೦ ಆವೃತ್ತಿಯಲ್ಲಿ ಕೇವಲ ‘ಕಾನ್ಫಿಗ್’ ಎಂದಿದ್ದ ಹೆಡರಿಗೆ ‘ಎಂಬೆಡ್‌ಟಿಎಲ್‌ಎಸ್ ಕಾನ್ಫಿಗ್’ ಎಂಬ ಹೊಸ ಹೆಸರಿಟ್ಟಿತು. ಬರಿಯ ‘ಕಾನ್ಫಿಗ್’ ಎಂಬ ಹೆಸರಿನ ಕಡತಗಳು ಲೋಕದಲ್ಲಿ ಅಸಂಖ್ಯಾತ. ಒಂದರ ಬದಲು ಇನ್ನೊಂದನ್ನು ಎತ್ತಿಕೊಳ್ಳುವ ಭಯ ಅಲ್ಲಿ ಸದಾ ಇತ್ತು. ಬದಲಾವಣೆ ಒಳ್ಳೆಯದೇ. ಆದರೆ ಹಳೆಯ ಹೆಸರನ್ನು ಕರೆಯುತ್ತಿದ್ದ ಕ್ರಮವಿಧಿಗಳೆಲ್ಲವನ್ನೂ ತಿದ್ದಬೇಕಾಯಿತು. ಆದುದರಿಂದ ಹೆಡರಿನಲ್ಲಿ ಹೆಸರಿಡುವಾಗಲೇ ಹತ್ತು ವರ್ಷ ಮುಂದೆ ನೋಡಬೇಕೆಂದು ಬಲ್ಲವರು ಹೇಳುತ್ತಾರೆ.

ಇನ್ನು ಬಿಲ್ಡ್ ಕಾನ್ಫಿಗರೇಷನ್ ಎಂಬುದರ ವಿಚಾರ. ಮೂಲಲಿಪಿಯನ್ನು ಯಂತ್ರದ ಭಾಷೆಗೆ ತಿರುಗಿಸಿ ಜೋಡಿಸುವುದೇ ಬಿಲ್ಡ್, ಅಂದರೆ ಕಟ್ಟುವ ಕೆಲಸ. ಯಾವ ಭಾಗಗಳು ಸೇರಬೇಕು, ಯಾವುವು ಬೇಡ ಎಂದು ಮುಂಚಿತವಾಗಿ ಗೊತ್ತುಮಾಡುವುದೇ ಕಾನ್ಫಿಗರೇಷನ್. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಎಂದರೆ ಶಾಂತಿಸಾಗರವನ್ನು, ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಕೆರೆಯ ನೀರು ಒಂದೇ. ಯಾವ ತೂಬನ್ನು ಎತ್ತಿದರೆ ಯಾವ ಬಯಲಿಗೆ ನೀರು ಎಂಬುದು ನೀರುಗಂಟಿಗೆ ಗೊತ್ತು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಕಾನ್ಫಿಗರ್’ ಎಂಬ ಕ್ರಮವಿಧಿಯೇ ನೀರುಗಂಟಿ. ‘ನೋ ಎಸ್‌ಎಸ್‌ಎಲ್ ೩’ ಎಂಬ ಆಜ್ಞೆ ಕೊಟ್ಟರೆ ಹಳೆಯದಾಗಿ ದುರ್ಬಲವಾದ ಎಸ್‌ಎಸ್‌ಎಲ್ ೩ ಎಂಬ ಪದ್ಧತಿಯ ತೂಬು ಮುಚ್ಚುತ್ತದೆ. ೨೦೧೬ರ ೧.೧.೦ ಆವೃತ್ತಿಯಿಂದೀಚೆಗೆ ಅದು ಕೇಳದೆಯೇ ಮುಚ್ಚಿರುತ್ತದೆ. ಅದಕ್ಕೂ ಹಳೆಯದಾದ ಎಸ್‌ಎಸ್‌ಎಲ್ ೨ ಎಂಬುದನ್ನಂತೂ ಪೂರ್ತಿ ಕಿತ್ತುಹಾಕಿದರು. ನೀರುಗಂಟಿಯು ತಾನು ಮಾಡಿದುದನ್ನೆಲ್ಲ ‘ಕಾನ್ಫಿಗರೇಷನ್’ ಎಂಬ ಹೆಡರ್ ಕಡತದಲ್ಲಿ ತಾನೇ ಬರೆದಿಡುತ್ತದೆ. ಆ ಕಡತದ ತಲೆಯಲ್ಲಿಯೇ, ಇದು ಯಂತ್ರ ಬರೆದದ್ದು, ಕೈಯಿಂದ ತಿದ್ದಬಾರದು ಎಂಬ ಎಚ್ಚರಿಕೆಯುಂಟು. ಕೈಯಿಂದ ತಿದ್ದಿದರೆ ಮುಂದಿನ ಸಲ ಕಟ್ಟುವಾಗ ತಿದ್ದುಪಡಿ ಅಳಿಸಿಹೋಗುತ್ತದೆ. ತಿದ್ದುವುದಾದರೆ ಅದರ ಮೂಲ ಅಚ್ಚನ್ನೇ ತಿದ್ದಬೇಕು.

ಇಲ್ಲಿರುವ ಕಷ್ಟವನ್ನು ಒಂದು ಚಿಕ್ಕ ಲೆಕ್ಕದಿಂದ ತೋರಿಸಬಹುದು. ಒಂದು ತೂಬಿಗೆ ಎರಡು ಸ್ಥಿತಿ: ತೆರೆದದ್ದು, ಮುಚ್ಚಿದ್ದು. ಎರಡು ತೂಬುಗಳಿಗೆ ನಾಲ್ಕು. ಹತ್ತಕ್ಕೆ ೧,೦೨೪. ಇಪ್ಪತ್ತಕ್ಕೆ ೧೦,೪೮,೫೭೬. ಇಪ್ಪತ್ತೇ ಸ್ವಿಚ್ಚುಗಳಿರುವ ಲೈಬ್ರರಿಯೂ ಹತ್ತು ಲಕ್ಷಕ್ಕೆ ಮಿಕ್ಕಿದ ರೂಪಗಳಲ್ಲಿ ಜನರ ಮನೆ ಸೇರಬಹುದೆಂದಾಯಿತು. ಎಲ್ಲವನ್ನೂ ಪರೀಕ್ಷಿಸುವುದು ಮನುಷ್ಯಸಾಧ್ಯವಲ್ಲ. ಆದಕಾರಣ ಸ್ವಿಚ್ಚುಗಳನ್ನು ಮಿತವಾಗಿಡುವುದೂ, ಇರುವ ಪ್ರತಿಯೊಂದಕ್ಕೂ ಕಾರಣವನ್ನು ಬರೆದಿಡುವುದೂ ನಿರ್ವಾಹಕರ ಮೊದಲ ಧರ್ಮ.

ಈ ಧರ್ಮ ತಪ್ಪಿದರೆ ಏನಾಗುವುದೆಂಬುದಕ್ಕೆ ಮೂರು ಪ್ರಸಂಗಗಳನ್ನು ಉದಾಹರಿಸುತ್ತೇನೆ.

ಮೊದಲನೆಯದು ಡೆಬಿಯನ್ ಪ್ರಸಂಗ. ಗೂಢಲಿಪಿಯ ಕೀಲಿಕೈ ತಯಾರಿಸಲು ಯಾರೂ ಊಹಿಸಲಾರದ ಅಂಕಿಗಳು ಬೇಕು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಅಂಥ ಅಂಕಿಗಳನ್ನು ಕಲಸುವ ಕಡತವೊಂದರಲ್ಲಿ, ನೋಡಲು ಒಂದೇ ತೆರನಾದ ಸಾಲು ಎರಡು ಕಡೆ ಇತ್ತು. ಒಂದು ಕಡೆ ಅದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅದರ ಸುತ್ತ ‘ಪ್ಯೂರಿಫೈ’ ಎಂಬ ಸ್ವಿಚ್ಚಿನ ಬೇಲಿಯಿತ್ತು. ಸ್ಮೃತಿಯ ತಪಾಸಣೆ ಮಾಡುವವರು ಆ ಸ್ವಿಚ್ಚು ಹಾಕಿದರೆ ನಿರುಪದ್ರವಿಯಾದ ಆ ಸಾಲು ಮಾತ್ರ ಬಿಟ್ಟುಹೋಗುತ್ತಿತ್ತು. ಇನ್ನೊಂದು ಕಡೆ ಅದೇ ಸಾಲು ಇಡೀ ವ್ಯವಸ್ಥೆಯ ಜೀವನಾಡಿ. ಡೆಬಿಯನ್ ಎಂಬ ಲಿನಕ್ಸ್ ಸಮೂಹದವರು ೨೦೦೬ರಲ್ಲಿ, ತಪಾಸಣೆಯ ಉಪಕರಣ ದೂರುತ್ತಿದೆಯೆಂದು ಎರಡೂ ಸಾಲುಗಳನ್ನು ತೆಗೆದುಹಾಕಿದರು. ತೆಗೆಯುವ ಮುನ್ನ ಓಪನ್‌ಎಸ್‌ಎಸ್‌ಎಲ್‌ನವರನ್ನು ವಿಚಾರಿಸಿಯೂ ಇದ್ದರು; ಆದರೆ ಎರಡು ಸಾಲುಗಳ ಭೇದವೇನೆಂಬುದು ಕಡತದಲ್ಲಿ ಸ್ಪಷ್ಟವಾಗಿ ಬರೆದಿರಲಿಲ್ಲ. ಫಲವಾಗಿ, ಊಹಿಸಲಸಾಧ್ಯವಾಗಬೇಕಿದ್ದ ಕೀಲಿಕೈಗಳು ಕೆಲಸದ ಸರಣಿ ಸಂಖ್ಯೆಯೊಂದನ್ನೇ ಅವಲಂಬಿಸಿದವು. ಅಂಥ ಸಂಖ್ಯೆಗಳಿರುವುದು ೩೨,೭೬೮ ಮಾತ್ರ. ಲೂಸಿಯಾನೊ ಬೆಲ್ಲೊ ಎಂಬವರು ಪತ್ತೆಹಚ್ಚಿ, ೨೦೦೮ರ ಮೇ ೧೩ರಂದು ವಿಷಯ ಪ್ರಕಟವಾಗುವವರೆಗೆ, ಸುಮಾರು ೨೦ ತಿಂಗಳು, ಈ ದುರ್ಬಲ ಕೀಲಿಕೈಗಳು ತಯಾರಾಗುತ್ತಲೇ ಇದ್ದವು. ಗಣಿತದಲ್ಲಿ ಒಂದಕ್ಷರದ ದೋಷವೂ ಇರಲಿಲ್ಲ.

ಎರಡನೆಯದು ೨೦೧೪ರ ಹಾರ್ಟ್‌ಬ್ಲೀಡ್. ೨೦೧೨ರ ಮಾರ್ಚ್ ೧೪ರಂದು ಬಂದ ಓಪನ್‌ಎಸ್‌ಎಸ್‌ಎಲ್ ೧.೦.೧ರಲ್ಲಿ, ಎರಡು ಯಂತ್ರಗಳು ‘ಇದ್ದೀಯಾ?’ ‘ಇದ್ದೇನೆ’ ಎಂದು ಮಾತಾಡಿಕೊಳ್ಳುವ ಹಾರ್ಟ್‌ಬೀಟ್ ಎಂಬ ಸೌಕರ್ಯವನ್ನು ಸೇರಿಸಲಾಯಿತು. ಕೇಳಿದವನು ತನ್ನ ಮಾತು ಎಷ್ಟು ಉದ್ದವೆಂದು ಸುಳ್ಳು ಹೇಳಿದರೆ, ಉತ್ತರಿಸುವ ಯಂತ್ರ ತನ್ನ ಸ್ಮೃತಿಯಿಂದ ೬೪ ಕಿಲೋಬೈಟಿನವರೆಗೆ ಅಪರಿಚಿತನ ಕೈಗೆ ಕೊಟ್ಟುಬಿಡುತ್ತಿತ್ತು. ಗೂಗಲ್‌ನ ನೀಲ್ ಮೆಹ್ತಾ ಅವರೂ ಕೊಡೆನೊಮಿಕಾನ್ ಸಂಸ್ಥೆಯವರೂ ಬೇರೆಬೇರೆಯಾಗಿ ಇದನ್ನು ಕಂಡುಹಿಡಿದರು. ೨೦೧೪ರ ಏಪ್ರಿಲ್ ೭ರಂದು ತಿದ್ದುಪಡಿ ಹೊರಬಂತು. ಸುಮಾರು ೫ ಲಕ್ಷ ಜಾಲತಾಣಗಳು ಅಪಾಯದಲ್ಲಿದ್ದವೆಂದು ಆಗ ಅಂದಾಜು ಮಾಡಿದರು. ಇದು ಕ್ರಮವಿಧಿಯ ದೋಷವೆಂಬುದು ನಿಜ. ಆದರೆ ಆ ಸೌಕರ್ಯ ಬೇಡವೆನ್ನುವವರಿಗೆ ‘ನೋ ಹಾರ್ಟ್‌ಬೀಟ್ಸ್’ ಎಂಬ ಸ್ವಿಚ್ಚು ಮೊದಲಿನಿಂದಲೂ ಇತ್ತು. ಕೆಲವರಿಗೆ ಮಾತ್ರ ಬೇಕಾಗಿದ್ದ ತೂಬನ್ನು ಎಲ್ಲರಿಗೂ ತೆರೆದಿಟ್ಟದ್ದರಿಂದ ಒಬ್ಬರ ತಪ್ಪು ಲೋಕದ ತಪ್ಪಾಯಿತು. ಇಷ್ಟು ದೊಡ್ಡ ಹೊಣೆ ಹೊತ್ತಿದ್ದ ಆ ಸಂಸ್ಥೆಗೆ ಅದುವರೆಗೆ ದಾನರೂಪವಾಗಿ ಬರುತ್ತಿದ್ದುದು ವರ್ಷಕ್ಕೆ ಸುಮಾರು ೨,೦೦೦ ಡಾಲರು! ಲೋಕವೆಲ್ಲ ಉಂಡ ಮನೆಯಲ್ಲಿ ಅಡಿಗೆಯವನಿಗೆ ಅನ್ನವಿರಲಿಲ್ಲ.

ಮೂರನೆಯ ಪ್ರಸಂಗವೇ ಹೆಚ್ಚು ಭಯಂಕರವಾದುದು. ಏಕೆಂದರೆ ಹಿಂದಿನ ಎರಡು ಅಜಾಗರೂಕತೆಯಿಂದ ಆದವು, ಇದು ಬೇಕೆಂದು ಮಾಡಿದ್ದು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಲೈಬ್ರರಿ. ಅದನ್ನು ಲಾಸೆ ಕೊಲಿನ್ ಎಂಬವರು ಬಹುಕಾಲ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದರು. ೨೦೨೧ರಿಂದ ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿ ಸಹಾಯಕನಾಗಿ ಬಂದು, ವಿಶ್ವಾಸ ಗಳಿಸಿ, ಜೊತೆ ನಿರ್ವಾಹಕನೂ ಆದ. ೨೦೨೪ರ ೫.೬.೦ ಮತ್ತು ೫.೬.೧ ಆವೃತ್ತಿಗಳಲ್ಲಿ, ಎಲ್ಲರೂ ಓದುವ ಮೂಲಭಂಡಾರದಲ್ಲಿಲ್ಲದ ಕೆಲವು ಸಾಲುಗಳು, ಹಂಚುವ ಗಂಟಿನ ಬಿಲ್ಡ್ ಕಡತದಲ್ಲಿ ಮಾತ್ರ ಇದ್ದವು. ಕಟ್ಟುವ ವೇಳೆಯಲ್ಲಿ ಅವು, ಪರೀಕ್ಷೆಯ ಕಡತಗಳೆಂಬ ವೇಷದಲ್ಲಿ ಅಡಗಿಸಿಟ್ಟಿದ್ದ ವಿಷವನ್ನು ಬಿಚ್ಚಿ ಸೇರಿಸುತ್ತಿದ್ದವು. ಆ ವಿಷದ ಗುರಿ ದೂರದ ಯಂತ್ರಗಳಿಗೆ ಪ್ರವೇಶ ಕೊಡುವ ಎಸ್‌ಎಸ್‌ಎಚ್. ಅದು ಬಳಸುವ ಓಪನ್‌ಎಸ್‌ಎಸ್‌ಎಲ್‌ನ ಕೆಲಸವೊಂದನ್ನೇ ಮಧ್ಯದಲ್ಲಿ ಹಿಡಿದು ತಿರುಚುವ ಉಪಾಯ. ಮಾತ್ರವಲ್ಲ, ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಯಂತ್ರದಲ್ಲಿದೆಯೇ ಎಂದು ನೋಡುವ ಬಿಲ್ಡ್ ಕಡತದ ಪರೀಕ್ಷೆಯೊಳಗೆ ಒಂದೇ ಒಂದು ಚುಕ್ಕೆಯನ್ನು ಇಟ್ಟಿದ್ದರು. ಚುಕ್ಕೆಯಿಂದ ಪರೀಕ್ಷೆ ಸದಾ ವಿಫಲ. ಪರೀಕ್ಷೆ ವಿಫಲವಾದ್ದರಿಂದ ರಕ್ಷಣೆ ಇಲ್ಲವೆಂದು ತೀರ್ಮಾನ. ಒಂದು ಬಿಂದು ಬಿದ್ದರೆ ‘ಮದ’ವು ‘ಮಂದ’ವಾಗುತ್ತದೆಂದು ಕನ್ನಡ ಓದುವ ನಮಗೆ ಗೊತ್ತು, ಇಲ್ಲಿ ಒಂದು ಬಿಂದುವಿನಿಂದ ಕಾವಲುಗಾರನೇ ಮಾಯವಾದ. ಆಂಡ್ರೆಸ್ ಫ್ರೌಂಡ್ ಎಂಬ ಕ್ರಮವಿಧಿಕಾರರು, ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ತಗುಲುತ್ತಿದೆಯಲ್ಲ ಎಂದು ಅನುಮಾನಿಸಿ, ಜಾಡು ಹಿಡಿದು ಹೋಗಿ ೨೦೨೪ರ ಮಾರ್ಚ್ ೨೯ರಂದು ಎಲ್ಲವನ್ನೂ ಬಯಲಿಗೆಳೆದರು. ಅಷ್ಟರಲ್ಲಿ ಅದು ಹೆಚ್ಚು ಕಡೆ ಹರಡಿರಲಿಲ್ಲವೆಂಬುದು ಲೋಕದ ಪುಣ್ಯ.

ಈ ಮೂರು ಪ್ರಸಂಗಗಳಿಂದ ನಾನು ಗ್ರಹಿಸಿದ ನಿಯಮಗಳನ್ನು ಸಂಗ್ರಹವಾಗಿ ಹೇಳುತ್ತೇನೆ. ಒಂದು ಸಂಗತಿಯನ್ನು ಒಂದೇ ಹೆಡರಿನಲ್ಲಿ ಸಾರಬೇಕು. ಎರಡು ಕಡೆ ಬರೆದರೆ ಒಂದು ದಿನ ಅವು ಜಗಳವಾಡುತ್ತವೆ. ಹೊರಗಿನವರಿಗೆ ಕಾಣುವ ಹೆಡರುಗಳನ್ನೂ ಮನೆಯೊಳಗಿನವನ್ನೂ ಬೇರೆಬೇರೆ ಇಡಬೇಕು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಇಂಟರ್ನಲ್’ ಎಂಬ ಕೋಶ ಪ್ರತ್ಯೇಕವಾಗಿರುವುದು ಈ ಕಾರಣಕ್ಕೆ. ಯಂತ್ರ ಬರೆದದ್ದನ್ನು ಕೈಯಿಂದ ತಿದ್ದಬಾರದು. ಎಲ್ಲರಿಗೂ ಬೇಡವಾದ ತೂಬನ್ನು ಮೊದಲಿಗೆ ಮುಚ್ಚಿಯೇ ಇಡಬೇಕು. ಸಾಲನ್ನು ತೆಗೆಯುವ ಮೊದಲು ಅದು ಏತಕ್ಕಿದೆಯೆಂದು ತಿಳಿಯಬೇಕು. ಬರೆಯುವವನು ಆ ಕಾರಣವನ್ನು ಪಕ್ಕದಲ್ಲಿಯೇ ಬರೆಯಬೇಕು. ಪರೀಕ್ಷೆ ವಿಫಲವಾದರೆ ಸುಮ್ಮನೆ ಮುಂದುವರಿಯದೆ, ಏಕೆ ವಿಫಲವಾಯಿತೆಂದು ಗಟ್ಟಿಯಾಗಿ ಕೂಗುವಂತೆ ಕಟ್ಟಬೇಕು. ಕೊನೆಯದಾಗಿ, ಹಂಚಿದ ಗಂಟೂ ಮೂಲಭಂಡಾರವೂ ಒಂದೇ ಎಂದು ಯಾರು ಬೇಕಾದರೂ ತಾಳೆ ನೋಡುವಂತಿರಬೇಕು.

ಈ ನಿಯಮಗಳಲ್ಲಿ ಎಷ್ಟಕ್ಕೆ ಕಠಿಣ ಗಣಿತ ಬೇಕು? ಯಾವುದಕ್ಕೂ ಬೇಡ. ಬೇಕಾದದ್ದು ಎರಡು ಪ್ರತಿಗಳನ್ನು ಸಾಲುಸಾಲಾಗಿ ತಾಳೆ ನೋಡುವ ತಾಳ್ಮೆ, ಪಾಠಾಂತರವನ್ನು ಗುರುತಿಸುವ ಕಣ್ಣು, ಕಾರಣವನ್ನು ಸ್ಪಷ್ಟವಾಗಿ ಬರೆಯುವ ಭಾಷೆ. ಹಸ್ತಪ್ರತಿಗಳನ್ನು ಪರಿಷ್ಕರಿಸಿದ ನಮ್ಮ ವಿದ್ವಾಂಸರು ತಲೆಮಾರುಗಳಿಂದ ಮಾಡುತ್ತ ಬಂದ ಕೆಲಸವಿದು. ಕಲಾ ವಿಭಾಗದವರಿಗೆ ಗಣಕಯಂತ್ರದ ಲೋಕದಲ್ಲಿ ಸ್ಥಾನವಿಲ್ಲವೆಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ನನ್ನ ಮಟ್ಟಿಗೆ ನಾನು ಅದನ್ನು ಒಪ್ಪಲಾರೆ. ಬೀಗ ತಯಾರಿಸುವವರು ಕೆಲವರೇ ಇರಬಹುದು. ಅಗುಳಿ ಸಡಿಲವಾಗಿದೆಯೇ ಎಂದು ನೋಡುವವರು ಬಹುಮಂದಿ ಬೇಕಾಗಿದ್ದಾರೆ. ಇದು ಕಾರಕೂನನ ಕೆಲಸವೆಂದು ಯಾರಾದರೂ ಹಗುರವಾಗಿ ಹೇಳಿದರೆ, ನಮ್ಮ ಹಿರಿಯರ ಹೊಲಗಳು ಇದುವರೆಗೆ ಅವರ ಹೆಸರಿನಲ್ಲಿ ಉಳಿದಿರುವುದು ಯಾರೋ ಒಬ್ಬ ಕಾರಕೂನ ಕಾಲಂ ತಪ್ಪದೆ ಬರೆದುದರಿಂದ ಎಂಬುದನ್ನು ನೆನೆಯಲಿ. ಬಿಡುವಿನ ಒಂದು ಗಂಟೆಯಲ್ಲಿ ನಮ್ಮ ವಿದ್ಯಾರ್ಥಿ ಮಿತ್ರರು ಇಂಥ ಒಂದು ಹೆಡರ್ ಕಡತವನ್ನು ತೆರೆದು ಓದಲೆಂದು ವಿನಂತಿಸಿ ಈ ಲೇಖನವನ್ನು ಮುಗಿಸುತ್ತೇನೆ.